ಮೂರನೆಯ ಸಾಲಿನ ಊರುಗೋಲು

ಕಲಮೋಚಾ, ೬ ನವೆಂಬರ್ ೧೮೮೧

ಎಲೋಯ್,

ಕೇಸರಿ ಕೊಯ್ಲು ಮುಗಿಯಿತು. ಈ ಸಲವೂ ನೀನು ಬರಲಿಲ್ಲ. ಬಯ್ಯುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಬಯ್ಯಬೇಕೆಂದಿದ್ದರೆ ಎದುರಿಗೆ ಕೂರಿಸಿಕೊಂಡೇ ಬಯ್ಯುತ್ತಿದ್ದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನನಗೆ ತಿಳಿದದ್ದು ಇಷ್ಟು. ನೀನು ಒಂದು ಬೆಟ್ಟದ ನೆತ್ತಿಯಲ್ಲಿ ಗುಡಿಸಲು ಹಾಕಿಕೊಂಡಿದ್ದೀಯ. ಇನ್ನೊಂದು ಬೆಟ್ಟದ ನೆತ್ತಿಯಲ್ಲಿ ಇನ್ನೊಬ್ಬ ದೀಪ ಹಚ್ಚುತ್ತಾನೆ. ನೀನು ಹಿತ್ತಾಳೆಯ ದುರ್ಬೀನಿನಲ್ಲಿ ಅದನ್ನು ನೋಡಿ ಕೋನ ಬರೆದುಕೊಳ್ಳುತ್ತೀಯ. ಹೀಗೆ ದೇಶವನ್ನೆಲ್ಲ ತ್ರಿಕೋನ ತ್ರಿಕೋನವಾಗಿ ಅಳೆದು ಕೊನೆಗೆ ಭೂಮಿಯ ಆಕಾರ ಹೇಳುತ್ತೀರಿ. ನಾನು ಟೆರುಯೆಲ್‌ನ ಕನ್ಯಾಮಠದ ಶಾಲೆಯಲ್ಲಿ ಹದಿನಾರು ವರ್ಷದವರೆಗೆ ಓದಿದವಳು. ಭೂಮಿ ಗುಂಡಗಿದೆಯೆಂದು ಅಲ್ಲಿಯ ಸನ್ಯಾಸಿನಿಯರೇ ಹೇಳಿಕೊಟ್ಟಿದ್ದರು. ಗೊತ್ತಿರುವುದನ್ನು ಮತ್ತೆ ಯಾಕೆ ಅಳೆಯಬೇಕು ಎನ್ನುವುದು ಮಾತ್ರ ನನಗೆ ಗೊತ್ತಾಗಲಿಲ್ಲ. ಊರವರ ಮುಂದೆ ನಾನು ಅದನ್ನು ತೋರಿಸಿಕೊಳ್ಳುವುದಿಲ್ಲ.

ಹೂ ಬಿಡಿಸುವಾಗ ಆ ಕಿತೇರಿಯಾ, ಅವಳ ಬಾಯಿ ನಿನಗೆ ಗೊತ್ತಲ್ಲ, ಎಲ್ಲ ಹೆಂಗಸರ ಮುಂದೆ ಕೇಳಿದಳು:

“ಅಮ್ಮಾವ್ರೇ, ಚಿಕ್ಕ ಯಜಮಾನ್ರು ಬೆಟ್ಟದ್ ಮೇಲೆ ಏನ್ ಮಾಡ್ತವ್ರೆ? ಕುರಿ ಕಾಯ್ತವ್ರಾ?”

“ಭೂಮಿ ಅಳೀತಿದಾನೆ.”

“ಓಹೋ! ಹಂಗಾದ್ರೆ ನಮ್ ಹಿತ್ಲು ಬೇಲಿ ಜಗಳಾನೂ ಒಸಿ ಅಳ್ದು ಬಗೆಹರಿಸ್ಲಿ ಅನ್ನಿ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. “ಕೈ ನಿಲ್ಲಿಸ್ಬೇಡ, ಹೂ ಬಾಡುತ್ತೆ” ಎಂದೆ.

ಜನವರಿಯಲ್ಲಿ ಮ್ಯಾಡ್ರಿಡ್‌ಗೆ ಬನ್ನಿ, ಯಾಕೆಂದು ಕೇಳಬೇಡಿ ಎಂದು ಬರೆದಿದ್ದೀಯ. ವಿಜ್ಞಾನದವರು ನಿನಗೆ ಏನೋ ಗೌರವ ಮಾಡುತ್ತಾರೆ ಎಂದುಕೊಂಡಿದ್ದೇನೆ. ಹಾಗಿದ್ದರೆ ಹಾಗೆಂದು ಬರೆ. ಅದಕ್ಕೆ ತಕ್ಕ ಉಡುಪು ಬೇಕಾಗುತ್ತದೆ.

ನಿನ್ನ ತಾಯಿ,
ಬಲ್ಬೀನಾ

◆

ಎಸ್ಪಾದಾನ್ ಬೆಟ್ಟ, ೧೮ ನವೆಂಬರ್ ೧೮೮೧

ಅಮ್ಮಾ,

ಇಲ್ಲಿ ಒಂದು ವಾರದಿಂದ ಮಂಜು. ಎದುರು ಬೆಟ್ಟದ ದೀಪ ಇರಲಿ, ಎದುರು ನಿಂತ ಮನುಷ್ಯನೂ ಕಾಣುವುದಿಲ್ಲ. ನನ್ನ ಜೊತೆಗಿರುವ ಸಿಪಾಯಿ ದಿನವಿಡೀ ನಿದ್ದೆ ಮಾಡುತ್ತಾನೆ. ಮಂಜಿನಲ್ಲಿ ಮನುಷ್ಯ ಏನಾದರೂ ಮಾಡಲೇಬೇಕು. ನಾನೂ ಮಾಡುತ್ತಿದ್ದೇನೆ. ಏನೆಂದು ಜನವರಿಯಲ್ಲಿ ನೋಡುವಿರಂತೆ. ಕರಿ ರೇಷ್ಮೆಯ ಉಡುಪು ಸಾಕು.

ಒಂದು ಕೇಳುವುದಿತ್ತು. ಅಪ್ಪ ಹೋದ ದಿನ ನನ್ನನ್ನು ಪಾದ್ರಿಗಳ ಮನೆಗೆ ಕಳಿಸಿದ್ದಿರಿ. ಅವತ್ತೇ ಕೇಸರಿ ಅರಳಿತ್ತು ಎಂದಷ್ಟೇ ನನಗೆ ಗೊತ್ತು. ಮನೆಯಲ್ಲಿ ಅವತ್ತು ಏನೇನಾಯಿತು? ಹೆಂಗಸರೆಲ್ಲ ಹೋದ ಮೇಲೆ ನೀವು ಏನು ಮಾಡಿದಿರಿ? ನೀವು ಇದನ್ನು ಯಾವತ್ತೂ ಹೇಳಿಲ್ಲ, ನಾನೂ ಯಾವತ್ತೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಯಾಕೆಂದು ಮಾತ್ರ ಕೇಳಬೇಡಿ.

ನಿಮ್ಮ ಮಗ,
ಎಲೋಯ್

◆

ಕಲಮೋಚಾ, ೧೧ ಡಿಸೆಂಬರ್ ೧೮೮೧

ಎಲೋಯ್,

ಯಾಕೆಂದು ಕೇಳಬೇಡಿ, ಯಾಕೆಂದು ಕೇಳಬೇಡಿ ಎಂದು ಎರಡು ಕಾಗದಗಳಲ್ಲೂ ಬರೆದಿದ್ದೀಯ. ಬೆಟ್ಟದ ಮೇಲೆ ನಿನಗೆ ಚಳಿ ತಲೆಗೇರಿರಬೇಕು. ಆದರೂ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಮುಚ್ಚಿಡುವಂಥ ಕೆಲಸ ನಾನೇನೂ ಮಾಡಿಲ್ಲ.

ನಿಮ್ಮಪ್ಪ ಬೆಳಗಿನ ಜಾವ ಹೋದರು. ಬಾಗಿಲು ತೆರೆದು ನೋಡಿದರೆ ಹೊಲವೆಲ್ಲ ನೇರಳೆ. ಅರಳಿದ ಹೂವನ್ನು ಅವತ್ತೇ ಕೊಯ್ದು ಅವತ್ತೇ ಎಳೆ ಬಿಡಿಸಬೇಕು, ನಾಳೆಗೆ ಅದು ಕಸ. ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಬಂದರು. ಬುಟ್ಟಿ ತನ್ನಿ ಎಂದೆ. ಪಡಸಾಲೆಯಲ್ಲಿ ನಿಮ್ಮಪ್ಪ, ಅಡುಗೆಮನೆಯಲ್ಲಿ ಮೇಜಿನ ತುಂಬ ಹೂವು. ಪಾದ್ರಿಗಳು ಬಾಗಿಲಲ್ಲೇ ನಿಂತು, “ಇವತ್ತೊಂದಿನ ಬಿಡೀಮ್ಮ” ಎಂದರು. “ಹೂ ಬಿಡುತ್ತಾ ಫಾದರ್?” ಎಂದೆ.

ನಾನು ಅಳಲಿಲ್ಲ. ಅತ್ತರೆ ಎಳೆಗೆ ತೇವ ತಾಗುತ್ತದೆ, ಬೂಸ್ಟು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಹೆಂಗಸರು ಕೈ ಹೂವಿನಲ್ಲಿಟ್ಟು ಕಣ್ಣನ್ನು ನನ್ನ ಮುಖದಲ್ಲಿಟ್ಟಿದ್ದರು.

ಅವರೆಲ್ಲ ಹೋದ ಮೇಲೆ ಊಟಕ್ಕೆ ಕೂತೆ. ಬೆಳ್ಳುಳ್ಳಿ ಹಾಕಿ ಹುರಿದ ರೊಟ್ಟಿಯ ತುಣುಕು. ಬಡಿಸಿದ ಮೇಲೆ ನೋಡುತ್ತೇನೆ, ಎರಡು ತಟ್ಟೆ ಇಟ್ಟಿದ್ದೇನೆ. ಎರಡಕ್ಕೂ ಬಡಿಸಿದ್ದೇನೆ. ಕಿತೇರಿಯಾ ಪಾತ್ರೆ ತೊಳೆಯಲು ವಾಪಸು ಬರುವುದಿತ್ತು. ಅವಳ ಕಣ್ಣಿಗೆ ಅದು ಬೀಳುವುದು ನನಗೆ ಬೇಕಿರಲಿಲ್ಲ. ನನ್ನದನ್ನು ತಿಂದೆ. ಆಮೇಲೆ ಅವರದನ್ನೂ ತಿಂದೆ. ಬಾಯಿ ಒರೆಸಿಕೊಂಡು ಎದ್ದೆ. ಅಷ್ಟೇ.

ಇದು ಯಾರಿಗೂ ಗೊತ್ತಿಲ್ಲ. ನೀನು ಕೇಳಿದೆ, ನಾನು ಬರೆದೆ. ಓದಿ ಹರಿದುಹಾಕು.

ರೇಷ್ಮೆ ಉಡುಪು ಹೊಲಿಗೆಗೆ ಕೊಟ್ಟಿದ್ದೇನೆ.

ಬಲ್ಬೀನಾ

◆

ಕಲಮೋಚಾ, ೨೭ ಜನವರಿ ೧೮೮೨

ಎಲೋಯ್,

ಊರಿಗೆ ಬಂದ ಮೇಲೂ ನನ್ನ ತಲೆ ಸರಿಹೋಗಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನೀನೇ ಬಿಡಿಸಿ ಹೇಳು.

ನೀನು ಬಾ ಎಂದೆ, ಬಂದೆ. ಕಲತಾಯುದ್‌ವರೆಗೆ ಕುದುರೆಗಾಡಿಯಲ್ಲಿ ಮೂಳೆಯೆಲ್ಲ ಕುಲುಕಿಸಿಕೊಂಡು, ಅಲ್ಲಿಂದ ರೈಲಿನಲ್ಲಿ ಹೊಗೆ ಕುಡಿದುಕೊಂಡು ಬಂದೆ. ನನ್ನ ತಂಗಿ ತೆಕ್ಲಾಳ ಮನೆಯಲ್ಲಿ ನೀನಿಲ್ಲ, ನಿನ್ನ ಚೀಟಿ ಇದೆ. ‘ಶನಿವಾರ ಸಂಜೆ ಚಿಕ್ಕಮ್ಮನ ಜೊತೆ ನಾಟಕಕ್ಕೆ ಬನ್ನಿ, ಮೂರನೆಯ ಸಾಲು, ಮುಗಿದ ಮೇಲೆ ಅಲ್ಲೇ ಸಿಗುತ್ತೇನೆ.’ ಬಣ್ಣ ಬಳಿದುಕೊಂಡವರ ಅಳು ನಗು ನನಗೆ ಆಗುವುದಿಲ್ಲ, ನಿನಗದು ಗೊತ್ತು. ಗೌರವದ ಸಭೆ ಭಾನುವಾರ ಇರಬೇಕು, ಶನಿವಾರ ತೆಕ್ಲಾಳ ಮನಸ್ಸಂತೋಷಕ್ಕೆ ಇದೊಂದು ಇಟ್ಟಿದ್ದಾನೆ ಎಂದುಕೊಂಡು ಹೋದೆ.

“ಯಾರು ಬರ್ದಿದ್ದು ಇದನ್ನ? ಗೋಡೆ ಮೇಲಿನ ಹಾಳೇಲಿ ಹೆಸರೇ ಇಲ್ವಲ್ಲ” ಎಂದೆ.

“ಮೊದಲ್ನೇ ಆಟಕ್ಕೆ ಹೇಳಲ್ಲ ಅಕ್ಕ, ಇಲ್ಲಿ ಹಾಗೇ. ಜನಕ್ಕೆ ಹಿಡಿಸಿದ್ರೆ ‘ಬರೆದೋರು! ಬರೆದೋರು!’ ಅಂತ ಕೂಗ್ತಾರೆ. ಆಗ ಕಂಪನಿ ಯಜಮಾನ ಮುಂದೆ ಬಂದು ಹೆಸರು ಹೇಳಿ, ಪಕ್ಕದ ಪರದೆ ಹಿಂದೆ ನಿಂತಿರೋನ್ನ ಕೈ ಹಿಡ್ದು ಕರ್ಕೊಂಡ್ ಬರ್ತಾನೆ.”

“ಹಿಡಿಸ್ದೇ ಇದ್ರೆ?”

“ಕಾಲು ಕುಟ್ತಾರೆ, ಕೋಲು ಕುಟ್ತಾರೆ. ಪರದೆ ಬೀಳುತ್ತೆ. ಹೆಸರು ಯಾರಿಗೂ ಗೊತ್ತಾಗಲ್ಲ.”

“ಒಳ್ಳೇ ಪದ್ಧತಿ. ಅಡುಗೆಯೋರಿಗೂ ಹೀಗೇ ಮಾಡ್ಬೇಕು.”

ಪರದೆ ಎದ್ದಿತು. ಅಡುಗೆಮನೆ. ಮೇಜು. ಸುತ್ತ ಹೆಂಗಸರು, ಮೇಜಿನ ಮೇಲೆ ಕಾಗದದ ನೇರಳೆ ಹೂ. ಯಾರೋ ನಮ್ಮ ಕಡೆಯವನೇ ಬರೆದಿರಬೇಕೆಂದು ನೆಟ್ಟಗೆ ಕೂತೆ. ಪಾದ್ರಿಯ ವೇಷದವನು ಬಾಗಿಲಲ್ಲಿ ನಿಂತು “ಇವತ್ತೊಂದಿನ ಬಿಡೀಮ್ಮ” ಎಂದ. ಆ ಹೆಂಗಸು ತಿರುಗಿ “ಹೂ ಬಿಡುತ್ತಾ ಫಾದರ್?” ಎಂದಳು. ಆಮೇಲೆ ಹೆಂಗಸರೆಲ್ಲ ಹೋದರು. ಅವಳು ಎರಡು ತಟ್ಟೆ ಇಟ್ಟಳು.

ಎರಡು ತಟ್ಟೆ, ಎಲೋಯ್!

ಅವಳು ಮೊದಲನೆಯದನ್ನು ತಿಂದಳು. ಎರಡನೆಯದರ ಮುಂದೆ ಕೂತು ಅಳುವುದಕ್ಕೆ ಶುರುಮಾಡಿದಳು. ಎಂಥ ಅಳು! ಜಡೆ ಬಿಚ್ಚಿಕೊಂಡು, ಮೇಜಿನ ಮೇಲೆ ಬಿದ್ದು, ಹೂವನ್ನೆಲ್ಲ ಎದೆಗೆ ಒತ್ತಿಕೊಂಡು ಹೊರಳಾಡಿದಳು. ನನ್ನ ಹಿಂದಿನವಳು ಕರವಸ್ತ್ರ ತೆಗೆದು ಮೂಗು ಸೀಟಿದಳು. ನನ್ನ ಮನೆಯಲ್ಲಿ, ನನ್ನ ಮೇಜಿನ ಮೇಲೆ, ನಾನು ಅತ್ತೆನಂತೆ!

ನನ್ನ ಊರುಗೋಲು ನೆಲಕ್ಕೆ ಬಿತ್ತು. ಬಿತ್ತು ಎಂದರೆ, ನಾನೇ ಕುಟ್ಟಿದೆ. ಮತ್ತೆ ಕುಟ್ಟಿದೆ. ತೆಕ್ಲಾ ಕೈ ಹಿಡಿದಳು, ಕೊಡವಿದೆ. ಮೇಲಿನ ಅಟ್ಟದವರು ಅದಕ್ಕೇ ಕಾಯುತ್ತಿದ್ದರೋ ಏನೋ, ಅವರೂ ಶುರುಮಾಡಿದರು. ಆಮೇಲೆ ಎಲ್ಲರೂ. ಮರದ ನೆಲದ ಮೇಲೆ ಕುದುರೆಗಳನ್ನು ಬಿಟ್ಟ ಹಾಗಿತ್ತು. ಪರದೆ ಬಿತ್ತು. ಬರೆದವನು ಯಾರೆಂದು ಒಬ್ಬರೂ ಕೇಳಲಿಲ್ಲ. ನನಗೆ ಸಮಾಧಾನವಾಯಿತು.

ನೀನು ಬರಲಿಲ್ಲ. ದೀಪ ಆರಿಸುವವರೆಗೂ ಅಲ್ಲೇ ನಿಂತಿದ್ದೆವು. ಮರುದಿನ, ತುರ್ತು ಕೆಲಸ, ಅಲಿಕಾಂತೆಗೆ ಹೊರಟೆ ಎಂದು ಚೀಟಿ ಬಂತು. ಗೌರವದ ಸಭೆ ಏನಾಯಿತು? ಯಾಕೆ ಕರೆದೆ? ಯಾಕೆ ಮುಖ ತೋರಿಸಲಿಲ್ಲ?

ಇನ್ನೊಂದು. ಹರಿದುಹಾಕು ಎಂದ ಕಾಗದವನ್ನು ನೀನು ಯಾರಿಗೋ ತೋರಿಸಿದ್ದೀಯ. ನಾಟಕ ಬರೆಯುವ ಯಾವನೋ ಸ್ನೇಹಿತ ನಿನಗಿದ್ದಾನೆ. ಅವನ ಹೆಸರು ಬರೆ. ನಾನೇ ಅವನಿಗೆ ಬರೆಯುತ್ತೇನೆ.

ಬಲ್ಬೀನಾ

◆

ಅಲಿಕಾಂತೆ, ೧೨ ಫೆಬ್ರವರಿ ೧೮೮೨

ಅಮ್ಮಾ,

ಇಲ್ಲಿ ಬಂದರಿನ ಮೆಟ್ಟಿಲ ಹತ್ತಿರ ಸಮುದ್ರದ ಎತ್ತರವನ್ನು ದಿನವೂ ನೋಡಿ ಬರೆಯುತ್ತಾರೆ. ಅದರ ಸರಾಸರಿಯಿಂದಲೇ ದೇಶದ ಎಲ್ಲ ಊರುಗಳ ಎತ್ತರ ಲೆಕ್ಕ ಹಾಕುವುದು. ನಮ್ಮ ಮನೆಯ ಹೊಸ್ತಿಲು ಎಷ್ಟು ಎತ್ತರದಲ್ಲಿದೆ ಎಂದೂ ಒಂದು ದಿನ ಹೇಳಬಹುದು.

ನಿಮ್ಮ ಕಾಗದ ತಲುಪಿತು. ಆ ಸ್ನೇಹಿತನಿಗೆ ನೀವು ಬರೆಯಬೇಕಾಗಿಲ್ಲ. ಅವನು ಇನ್ನು ನಾಟಕ ಬರೆಯುವುದಿಲ್ಲ. ಕಾಗದ ಹೊರಗೆ ಹೋದದ್ದು ನನ್ನಿಂದಲೇ, ಕ್ಷಮಿಸಿ.

ಒಂದು ಮಾತ್ರ ಸರಿಯಾಗಿ ನೆನಪು ಮಾಡಿಕೊಂಡು ಬರೆಯಿರಿ. ನೀವು ಕೋಲು ಕುಟ್ಟಿದ್ದು ತಟ್ಟೆಗಳನ್ನು ನೋಡಿಯೋ, ಅಳುವನ್ನು ನೋಡಿಯೋ? ಎರಡರ ನಡುವೆ ಸ್ವಲ್ಪ ಹೊತ್ತು ಇತ್ತು.

ಎಲೋಯ್

◆

ಕಲಮೋಚಾ, ೨೬ ಫೆಬ್ರವರಿ ೧೮೮೨

ಎಲೋಯ್,

ಇದೆಂಥ ಪ್ರಶ್ನೆ? ನಾನು ಕೇಳಿದ ಮೂರಕ್ಕೆ ಉತ್ತರವಿಲ್ಲ. ಬದಲಿಗೆ ನನ್ನನ್ನೇ ದುರ್ಬೀನಿನಲ್ಲಿ ನೋಡುತ್ತಿದ್ದೀಯ. ಏರಿಳಿಯುವ ನೀರನ್ನು ಅಳೆದು ನನ್ನ ಹೊಸ್ತಿಲಿನ ಎತ್ತರ ಹೇಳುವವನು ಏನು ಬೇಕಾದರೂ ಕೇಳಬಹುದು ಎಂದು ಕಾಣುತ್ತದೆ.

ಕುಟ್ಟಿದ್ದು ಅಳುವಿಗೆ. ತಟ್ಟೆಗಳನ್ನು ಇಟ್ಟಾಗ ನನಗೆ ಸುತ್ತ ಜನ ಇದ್ದಾರೆ ಎನ್ನುವುದೂ ಮರೆತಿತ್ತು. ಅವಳು ಎರಡನೆಯದನ್ನೂ ತಿಂದು, ಬಾಯಿ ಒರೆಸಿಕೊಂಡು ಎದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಎದ್ದು ಹೊರಗೆ ಹೋಗುತ್ತಿದ್ದೆ. ಬಹುಶಃ ಹೋಗುತ್ತಿರಲಿಲ್ಲ.

ತಲೆ ಇನ್ನಷ್ಟು ಕೆಡಿಸಿದವಳು ಕಿತೇರಿಯಾ. ನಾಟಕದ ಕಥೆಯನ್ನು ಬೇರೆ ಯಾರದೋ ಕಥೆಯಂತೆ ಅವಳಿಗೆ ಹೇಳಿದೆ.

“ಆ ಎರಡು ತಟ್ಟೆ ನಮ್ ಮನೇವೇ ಅಲ್ವಾ ಅಮ್ಮಾವ್ರೇ?” ಎಂದಳು.

“ನಿಂಗೆ ಯಾರೇ ಹೇಳಿದ್ದು?”

“ತೊಳ್ದೋಳು ನಾನಲ್ವಾ? ತಟ್ಟೆ ಎರಡು, ಚಮಚ ಒಂದು. ನೆಂಟ್ರು ಬಂದಿದ್ರೆ ಚಮಚಾನೂ ಎರಡಿರ್ತಿತ್ತು.”

ಇಷ್ಟು ವರ್ಷ ಅವಳು ಬಾಯಿ ಬಿಟ್ಟಿಲ್ಲ, ಆ ಬಾಯಿ! ಹಾಗಾದರೆ ಹೊರಗೆ ಹಾಕಿದವಳು ಅವಳೋ ನೀನೋ? ನಿನ್ನಿಂದಲೇ ಎಂದು ಯಾಕೆ ಒಪ್ಪಿಕೊಂಡೆ? ಯಾರನ್ನು ಕಾಪಾಡುತ್ತಿದ್ದೀಯ?

ಬಲ್ಬೀನಾ

◆

ಮ್ಯಾಡ್ರಿಡ್, ೧೯ ಮಾರ್ಚ್ ೧೮೮೨

ಅಕ್ಕ,

ನಿನ್ನ ಎರಡು ಕಾಗದಗಳಿಗೆ ಉತ್ತರ ಕೊಡಲಿಲ್ಲ, ಕೋಪ ಮಾಡಿಕೊಳ್ಳಬೇಡ. ಎಲೋಯ್ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಆ ನಾಟಕದವನ ಹೆಸರು ಹುಡುಕಿ ಕೊಡು, ಅವನ ಮಾನ ಕಳೆಯುತ್ತೇನೆ ಎಂದು ನೀನು ಮೂರನೆಯ ಸಲ ಬರೆದೆ. ಇನ್ನು ಸುಮ್ಮನಿದ್ದರೆ ನೀನು ಪತ್ರಿಕೆಗೇ ಬರೆಯುವವಳು. ಆಣೆ ಮುರಿಯುತ್ತೇನೆ, ದೇವರು ನೋಡಿಕೊಳ್ಳಲಿ.

ಅದನ್ನು ಬರೆದವನು ಎಲೋಯ್.

ಅವತ್ತು ನನಗೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನೀನು ಪೂಜೆಗೆ ಚರ್ಚಿಗೆ ಹೋಗಿದ್ದಾಗ ಅವನು ಬಂದಿದ್ದ. ಕರಿ ಕೋಟು ಹಾಕಿಕೊಂಡೇ ಇದ್ದ, ರಾತ್ರಿ ತೆಗೆದೇ ಇಲ್ಲ ಎಂದು ಕಾಣುತ್ತದೆ. ಚಾಕಲೇಟು ಕಾಯಿಸಿಕೊಟ್ಟೆ, ಮುಟ್ಟಲಿಲ್ಲ.

“ಪಕ್ಕದ ಪರದೆ ಹಿಂದೆ ನಿಂತಿದ್ದೆ ಚಿಕ್ಕಮ್ಮ. ಅಲ್ಲಿಂದ ಮೂರನೇ ಸಾಲು ಚೆನ್ನಾಗಿ ಕಾಣುತ್ತೆ. ಅದಕ್ಕೇ ಮೂರನೇ ಸಾಲು ಕೊಟ್ಟಿದ್ದು” ಎಂದ.

“ನೋಡಿದ್ಯಾ ಹಾಗಾದ್ರೆ?”

“ಮೊದಲು ಕುಟ್ಟಿದ ಕೋಲು ಯಾರದು ಅಂತ ಇಡೀ ಸಭೇಲಿ ನಂಗೊಬ್ಬನಿಗೇ ಗೊತ್ತು.”

“ಮೊದಲೇ ಹೇಳ್ಬಾರ್ದಿತ್ತೇನೋ ನಿಮ್ಮಮ್ಮಂಗೆ?”

“ಹೇಳಿದ್ರೆ ಬರ್ತಿದ್ರಾ?”

ನೀನು ಚರ್ಚಿನಿಂದ ಬರುವಷ್ಟರಲ್ಲಿ ಹೊರಟುಹೋದ. ಅಲಿಕಾಂತೆಗೆ ಅವನನ್ನು ಯಾರೂ ಕಳಿಸಲಿಲ್ಲ, ತಾನೇ ಕೇಳಿಕೊಂಡು ಹೋದ. ನೀನು ಏನು ಮಾಡುತ್ತೀಯೋ ನನಗೆ ತಿಳಿಯದು. ಕೋಪದಲ್ಲಿ ಮಾತ್ರ ಏನೂ ಬರೆಯಬೇಡ.

ನಿನ್ನ ತಂಗಿ,
ತೆಕ್ಲಾ

◆

ಕಲಮೋಚಾ, ೨ ಏಪ್ರಿಲ್ ೧೮೮೨

ಎಲೋಯ್,

ತೆಕ್ಲಾ ಬರೆದಿದ್ದಾಳೆ. ಮೂರು ಕಾಗದ ಬರೆದು ಒಲೆಗೆ ಹಾಕಿದೆ, ಇದು ನಾಲ್ಕನೆಯದು. ನನಗೆ ಯಾವುದೂ ಸರಿಹೊಂದುತ್ತಿಲ್ಲ. ಭೂಮಿ ಅಳೆಯುವವನೂ ಅದನ್ನು ಬರೆದವನೂ ಒಬ್ಬನೇ ಹೇಗಾಗುತ್ತಾನೆ? ನಾನು ಯಾರನ್ನು ಬೆಳೆಸಿದೆ?

ನಿಜವೋ ಸುಳ್ಳೋ ಬರೆ. ಬೇರೇನೂ ಬೇಡ.

ಬಲ್ಬೀನಾ

◆

ಅಲಿಕಾಂತೆ, ೧೬ ಏಪ್ರಿಲ್ ೧೮೮೨

ಅಮ್ಮಾ,

ನಿಜ.

ಬೇರೇನೂ ಬೇಡ ಎಂದಿದ್ದೀರಿ, ಆದರೂ ಸ್ವಲ್ಪ ಬರೆಯುತ್ತೇನೆ. ನಿಮ್ಮ ಮಗ ಇಬ್ಬರಲ್ಲ. ಬೆಟ್ಟದ ಮೇಲೆ ದೀಪ ಕಾಣುವವರೆಗೆ ಕಾಯುತ್ತ ಕೂತವನೇ ಅದನ್ನೂ ಬರೆದದ್ದು. ಕಾಯುವಾಗ ಬೇರೆ ಬೇರೆ ಊಹಿಸಿಕೊಳ್ಳುತ್ತಿದ್ದೆ. ಕಂಪನಿ ಯಜಮಾನ ನನ್ನ ಹೆಸರು ಹೇಳುತ್ತಾನೆ, ಜನ ಎದ್ದು ನಿಲ್ಲುತ್ತಾರೆ, ನೀವು ಸುತ್ತ ನೋಡುತ್ತೀರಿ, ಆಮೇಲೆ ನಿಮಗೆ ತಿಳಿಯುತ್ತದೆ. ನನ್ನ ಬಾಯಿಂದ ಕೇಳಿದರೆ ನೀವು ನಂಬುವುದಿಲ್ಲ, ಇನ್ನೊಬ್ಬರು ಹೇಳಿದರೆ ನಂಬುತ್ತೀರಿ ಎಂದುಕೊಂಡೆ. ಬೇಕಾಗಿದ್ದದ್ದು ಅಷ್ಟೇ.

ನಮ್ಮ ಕೆಲಸದಲ್ಲಿ ಒಂದು ತ್ರಿಕೋನ ಸರಿಯಾಗಿ ಕೂಡದಿದ್ದರೆ ಆ ತಪ್ಪನ್ನು ಮೂರು ಕೋನಗಳಿಗೂ ಸಮನಾಗಿ ಹಂಚಿಬಿಡುತ್ತೇವೆ. ಆಗ ಯಾವುದರ ಮೇಲೂ ಭಾರ ಬೀಳುವುದಿಲ್ಲ. ಆ ಸಂಜೆಯದನ್ನು ಹಂಚಲು ನೋಡಿದೆ. ಬರಲಿಲ್ಲ. ನಾಟಕ ನನ್ನದು, ತಪ್ಪೂ ನನ್ನದು.

ನಾನು ಇನ್ನು ಬರೆಯುವುದಿಲ್ಲ. ಅದು ಕೋಪದ ಮಾತಲ್ಲ. ಬೇಸಿಗೆಗೆ ಮತ್ತೆ ಬೆಟ್ಟ ಹತ್ತುತ್ತೇನೆ.

ಎಲೋಯ್

◆

ಕಲಮೋಚಾ, ೮ ಮೇ ೧೮೮೨

ನಾಟಕ ಕಂಪನಿಯ ಯಜಮಾನರಾದ ದೊನ್ ಬೆರ್ನಾಬೆ ಅವರಿಗೆ,

ನಿಮ್ಮ ವಿಳಾಸ ನನ್ನ ತಂಗಿಯಿಂದ ಸಿಕ್ಕಿತು. ಜನವರಿಯಲ್ಲಿ ಕೇಸರಿ ಹೂವಿನ ನಾಟಕದ ದಿನ ಮೊದಲು ಕೋಲು ಕುಟ್ಟಿದವಳು ನಾನು. ನೀವು ಪಾದ್ರಿಯ ವೇಷದಲ್ಲಿದ್ದಿರಿ, ಟೋಪಿ ಒಂದು ಕಡೆ ವಾಲಿತ್ತು. ನಾನು ಅದನ್ನು ಬರೆದವನ ತಾಯಿ. ಅವತ್ತು ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಕುಟ್ಟುತ್ತಿದ್ದೆ ಎಂದೇ ಇಲ್ಲಿಯವರೆಗೆ ಅಂದುಕೊಂಡಿದ್ದೇನೆ.

ನಾಟಕದಲ್ಲಿ ಒಂದೇ ಒಂದು ತಪ್ಪಿದೆ. ಆ ಹೆಂಗಸು ಅಳಬಾರದು. ಎರಡೂ ತಟ್ಟೆ ತಿಂದು ಎದ್ದು ಹೋಗಬೇಕು. ಇದನ್ನು ಖಚಿತವಾಗಿ ಹೇಳುವ ಅಧಿಕಾರ ನನಗೆ ಎಲ್ಲರಿಗಿಂತ ಹೆಚ್ಚಾಗಿದೆ. ನನ್ನ ಮಗನಿಗೆ ಆ ಸಾಲುಗಳನ್ನು ತೆಗೆಯಲು ಹೇಳಿ, ಮತ್ತೊಮ್ಮೆ ಆಡಿಸಿ. ಅವನು ಇನ್ನು ಬರೆಯುವುದಿಲ್ಲವೆಂದು ಹಟ ಹಿಡಿದಿದ್ದಾನೆ. ಹಟ ಎಲ್ಲಿಂದ ಬಂತೆಂದು ನನ್ನನ್ನು ಕೇಳಬೇಡಿ.

ಬಲ್ಬೀನಾ ಮೊಂತೋನ್, ಗಾರ್ಸೆಸ್‌ರ ವಿಧವೆ

◆

ವಲೆನ್ಸಿಯಾ, ೩ ಜೂನ್ ೧೮೮೨

ಮಾನ್ಯ ತಾಯಿಯವರಿಗೆ,

ಮೂವತ್ತು ವರ್ಷದಿಂದ ವೇದಿಕೆಯ ಮೇಲಿದ್ದೇನೆ. ಎಷ್ಟೋ ಕೋಲುಗಳ ಸದ್ದು ಕೇಳಿದ್ದೇನೆ, ಆದರೆ ಯಾವ ಕೋಲೂ ಆಮೇಲೆ ಕಾಗದ ಬರೆದಿರಲಿಲ್ಲ.

ನೀವು ತೆಗೆಯಿರಿ ಎನ್ನುವ ಸಾಲುಗಳು ನಿಮ್ಮ ಮಗನ ಹಸ್ತಪ್ರತಿಯಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು ಇಷ್ಟೇ: ‘ಎರಡೂ ತಟ್ಟೆ ತಿನ್ನುತ್ತಾಳೆ, ಬಾಯಿ ಒರೆಸಿಕೊಳ್ಳುತ್ತಾಳೆ, ಏಳುತ್ತಾಳೆ.’ ಅಳು ನಮ್ಮ ನಟಿ ಫೆಲೀಸಾ ಸೇರಿಸಿದ್ದು. ಅವಳು ಒಂದು ಅಳು ಇಲ್ಲದ ಪಾತ್ರ ಮಾಡಿದವಳಲ್ಲ. ತಾಲೀಮಿನಲ್ಲಿ ನಿಮ್ಮ ಮಗ ಬಹಳ ವಾದಿಸಿದ.

“ಅವ್ಳು ಅಳೋಳಲ್ಲ ಮೇಡಂ, ನಂಗೆ ಗೊತ್ತು” ಎಂದ.

“ಗಂಡ ಸತ್ತಿದಾನೆ, ಅಳ್ದೇ ಇರೋ ಹೆಂಗಸು ಯಾವಳಪ್ಪ? ಅಂಥೋಳನ್ನ ನೀವು ಎಲ್ಲಿ ನೋಡಿದೀರಿ?” ಎಂದಳು ಅವಳು.

ಅವನು ಎಲ್ಲಿ ನೋಡಿದ್ದಾನೆಂದು ಹೇಳಲಿಲ್ಲ. ಜನಕ್ಕೆ ಅಳು ಬೇಕು ಎಂದು ನಾನೂ ಅವಳ ಪರ ನಿಂತೆ. ಅದು ನನ್ನ ತಪ್ಪು.

ಅಕ್ಟೋಬರಿನಲ್ಲಿ ಪಿಲಾರ್ ಮಾತೆಯ ಹಬ್ಬಕ್ಕೆ ನಾವು ಸರಗೋಸಾದಲ್ಲಿ ಇರುತ್ತೇವೆ. ಹಸ್ತಪ್ರತಿಯಲ್ಲಿ ಇರುವ ಹಾಗೇ ೧೫ರಂದು ಒಂದು ದಿನ ಆಡಿಸುತ್ತೇನೆ. ಮತ್ತೆ ಕುಟ್ಟಿದರೆ ಮುಗಿಯಿತು, ಕಂಪನಿ ಇನ್ನೊಮ್ಮೆ ಅದನ್ನು ಮುಟ್ಟುವುದಿಲ್ಲ.

ವಿಧೇಯ,
ಬೆರ್ನಾಬೆ

◆

ಕಲಮೋಚಾ, ೧೫ ಜೂನ್ ೧೮೮೨

ಎಲೋಯ್,

ದೊನ್ ಬೆರ್ನಾಬೆಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದು.

ಅಳು ನಿನ್ನದಲ್ಲ ಎಂದು ಯಾಕೆ ಹೇಳಲಿಲ್ಲ? ತಟ್ಟೆಗೋ ಅಳುವಿಗೋ ಎಂದು ನೀನು ಕೇಳಿದೆ, ಅಳುವಿಗೆ ಎಂದು ನಾನು ಬರೆದೆ. ಅಷ್ಟು ಹೊತ್ತಿಗೆ ‘ಅಮ್ಮಾ, ನಾನೂ ಅದನ್ನೇ ಹೇಳಿದ್ದೆ’ ಎಂದು ಒಂದು ಸಾಲು ಬರೆಯಬಹುದಿತ್ತು. ಹಾಗಾದರೆ ನಾನು ಕುಟ್ಟಿದ್ದು ಯಾರ ಮೇಲೆ? ನೀನು ಬರೆದದ್ದರ ಪರವಾಗಿಯೇ ಕುಟ್ಟಿ ನೀನು ಬರೆದದ್ದನ್ನು ಬೀಳಿಸಿದೆನೇ? ಎಷ್ಟು ಯೋಚಿಸಿದರೂ ಇದರ ತುದಿ ಸಿಗುತ್ತಿಲ್ಲ.

ಅಕ್ಟೋಬರ್ ೧೫ಕ್ಕೆ ಸರಗೋಸಾ. ಬಾ.

ಬಲ್ಬೀನಾ

◆

ಹವಲಾಂಬ್ರೆ ಬೆಟ್ಟ, ೨೮ ಆಗಸ್ಟ್ ೧೮೮೨

ಅಮ್ಮಾ,

ಅಳು ನಾನು ಬರೆದದ್ದಲ್ಲ, ಆದರೆ ತಡೆಯಲೂ ಇಲ್ಲ. ಗೆದ್ದಿದ್ದರೆ ಆ ಅಳುವಿಗೂ ಸೇರಿಸಿ ನಾನೇ ತಲೆಬಾಗುತ್ತಿದ್ದೆ. ಹಾಗಿರುವಾಗ ಸೋತದ್ದನ್ನು ಫೆಲೀಸಾ ಮೇಲೆ ಹಾಕುವುದು ಸರಿಯಲ್ಲ.

ನಾನು ಬರುವುದಿಲ್ಲ. ಅಕ್ಟೋಬರ್ ನಮಗೆ ಒಳ್ಳೆಯ ಕಾಲ, ಗಾಳಿ ತಿಳಿಯಾಗಿರುತ್ತದೆ, ದೀಪ ದೂರದಿಂದ ಕಾಣುತ್ತದೆ. ಇದು ನೆಪ ಎಂದು ನಿಮಗೆ ಗೊತ್ತಾಗುತ್ತದೆ. ಆ ಪರದೆಯ ಹಿಂದೆ ಇನ್ನೊಮ್ಮೆ ನಿಲ್ಲಲು ನನ್ನಿಂದ ಆಗುವುದಿಲ್ಲ.

ಎಲೋಯ್

◆

ಕಲಮೋಚಾ, ೨೧ ಅಕ್ಟೋಬರ್ ೧೮೮೨

ಎಲೋಯ್,

ಈ ಕಾಗದ ಆತುರದಲ್ಲಿ ಬರೆಯುತ್ತಿದ್ದೇನೆ. ಹೊಲದಲ್ಲಿ ಮೊಗ್ಗು ಮೂತಿ ಹೊರಗೆ ಹಾಕಿವೆ, ನಾಳೆಯೋ ನಾಡಿದ್ದೋ ಅರಳುತ್ತವೆ, ಆಮೇಲೆ ನನಗೆ ಕೈ ಬಿಡುವಿರುವುದಿಲ್ಲ.

ಸರಗೋಸಾಕ್ಕೆ ಹೋಗಿದ್ದೆ. ಕಿತೇರಿಯಾಳನ್ನು ಜೊತೆಗೆ ಕರೆದುಕೊಂಡು ಹೋದೆ. ಫೆಲೀಸಾ ಎರಡೂ ತಟ್ಟೆ ತಿಂದಳು. ಒಂದೇ ಚಮಚ. ಬಾಯಿ ಒರೆಸಿಕೊಂಡು ಎದ್ದು ಹೋದಳು. ಪರದೆ ಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಕಾಲು ಕುಟ್ಟಲೂ ಇಲ್ಲ. ಏನು ಮಾಡಬೇಕೆಂದು ಜನಕ್ಕೆ ಗೊತ್ತಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ನನಗೂ ಗೊತ್ತಾಗಲಿಲ್ಲ. ನನ್ನ ಎರಡೂ ಕೈ ಮಡಿಲಲ್ಲೇ ಇದ್ದವು. ಕಿತೇರಿಯಾ ಕಿವಿಯಲ್ಲಿ, “ಇದೇನಮ್ಮಾವ್ರೇ, ಎಲ್ರೂ ನಮ್ ಮನೆ ಸಾವಿಗೆ ಬಂದೋರ್ ಥರ ಕೂತವ್ರೆ” ಎಂದಳು. ಬಾಯಿ ಮುಚ್ಚು ಎಂದೆ.

ಅಷ್ಟರಲ್ಲಿ ಮೇಲಿನ ಅಟ್ಟದಿಂದ ಯಾರೋ ಒಬ್ಬ, “ಬರೆದೋರು ಯಾರು?” ಎಂದ. ಕೂಗಲಿಲ್ಲ, ಪಕ್ಕದಲ್ಲಿ ಕೂತವರನ್ನು ಕೇಳುವ ಹಾಗೆ ಕೇಳಿದ. ಆಮೇಲೆ ಇನ್ನೊಬ್ಬ. ಆಮೇಲೆ ಸಭೆಯೆಲ್ಲ.

ದೊನ್ ಬೆರ್ನಾಬೆ ಮುಂದೆ ಬಂದು, ಟೋಪಿ ತೆಗೆದು, ನಿನ್ನ ಹೆಸರು ಹೇಳಿದ. ‘ಎಲೋಯ್ ಗಾರ್ಸೆಸ್ ಮೊಂತೋನ್.’ ನಿಮ್ಮಪ್ಪನ ಮನೆಯ ಹೆಸರು, ಆಮೇಲೆ ನನ್ನ ತವರಿನ ಹೆಸರು. ಎರಡೂ. ಇಷ್ಟು ಜನರ ಮಧ್ಯೆ ಅದನ್ನು ಕೇಳುವಾಗ ಯಾರೋ ಗೊತ್ತಿಲ್ಲದವನ ಹೆಸರಿನ ಹಾಗೆ ಕೇಳಿಸಿತು. ನಾನೂ ಎಲ್ಲರ ಹಾಗೆ ಪರದೆಯ ಕಡೆ ತಿರುಗಿ ನೋಡಿದೆ, ಯಾರು ಬರುತ್ತಾರೆ ಎಂದು.

“ಅವರು ಇಲ್ಲಿಗೆ ಬಂದಿಲ್ಲ. ಬೆಟ್ಟದ್ ಮೇಲೆ ಭೂಮಿ ಅಳೀತಾ ಇದಾರೆ” ಎಂದ ಬೆರ್ನಾಬೆ.

ಜನ ಗೊಳ್ಳೆಂದು ನಕ್ಕರು, ತಮಾಷೆ ಎಂದುಕೊಂಡು. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತೆ.

“ನಗೋದು ಏನಿದೆ ಅದ್ರಲ್ಲಿ? ನಿಜಾನೇ ಅದು! ಅವ್ನು ಭೂಮೀನೂ ಅಳೀತಾನೆ, ಇದನ್ನೂ ಬರೀತಾನೆ. ನನ್ ಮಗ ಅವ್ನು!”

ನಗು ನಿಂತಿತು. ಆಮೇಲೆ ಚಪ್ಪಾಳೆ. ಎಲೋಯ್, ಅದು ನಿನಗೋ, ಆ ಫೆಲೀಸಾಳಿಗೋ, ಸಭೆಯಲ್ಲಿ ಗಂಟಲು ಹರಿದುಕೊಂಡ ಮುದುಕಿಗೋ, ಇವತ್ತಿನವರೆಗೂ ನನಗೆ ತಿಳಿದಿಲ್ಲ. ಬೆರ್ನಾಬೆ ವೇದಿಕೆಯಂಚಿನ ದೀಪಗಳ ಸಾಲನ್ನು ದಾಟಿ ಕೆಳಗೆ ನನ್ನ ಕಡೆ ಕೈ ಚಾಚಿದ.

“ನೀವಾದ್ರೂ ಬನ್ನಿ ತಾಯಿ ಮೇಲಕ್ಕೆ.”

“ನಾನ್ ಯಾಕ್ರೀ ಬರ್ಲಿ? ಅದು ಬರ್ದೋನ್ ಜಾಗ.”

“ಅವ್ರು ಇಲ್ವಲ್ಲ!”

“ಬರ್ತಾನೆ. ಕೈ ಹಂಗೇ ಇಟ್ಕೊಂಡಿರಿ.”

ಜನ ನಗುತ್ತಲೂ ಚಪ್ಪಾಳೆ ತಟ್ಟುತ್ತಲೂ ಇದ್ದರು. ಅವನು ನಿಜವಾಗಿಯೂ ಹಾಗೇ ನಿಂತ, ಪಕ್ಕದಲ್ಲಿ ಒಬ್ಬ ಮನುಷ್ಯನಿಗೆ ಆಗುವಷ್ಟು ಜಾಗ ಬಿಟ್ಟು, ಕೈ ಚಾಚಿಕೊಂಡು. ಆ ಖಾಲಿ ಜಾಗವನ್ನು ನಾನು ಚೆನ್ನಾಗಿ ನೋಡಿಕೊಂಡು ಬಂದಿದ್ದೇನೆ. ಅಲ್ಲಿ ನಾನು ಹೋಗಿ ನಿಲ್ಲಲಿಲ್ಲ. ಬೇರೆ ಯಾರೂ ನಿಲ್ಲಲಿಲ್ಲ.

ಡಿಸೆಂಬರಿನಲ್ಲಿ ಅವರು ಅದನ್ನು ಮತ್ತೆ ಮ್ಯಾಡ್ರಿಡ್‌ನಲ್ಲಿ ಆಡುತ್ತಾರಂತೆ. ಬೆಟ್ಟ ಇಳಿ.

ನಿನ್ನ ತಾಯಿ,
ಬಲ್ಬೀನಾ